ಮೀನು ಮುಟ್ಟದ ಪಾತ್ರೆ

ಬೀಜಾಡಿಯ ಆ ಮನೆಯಲ್ಲಿ ಒಲೆ ಒಂದೇ ಆದರೂ ಸಾರಿನ ಪಾತ್ರೆ ಎರಡು. ದೊಡ್ಡದು ಮಣ್ಣಿನದು, ಮೀನಿನದು, ಮನೆಮಂದಿಗೆಲ್ಲ. ಸಣ್ಣದು ಅಲ್ಯೂಮಿನಿಯಂನದು, ಅದರಲ್ಲಿ ದಿನವೂ ಬಸಳೆಯೋ ಸೌತೆಯೋ ಬೇಯುತ್ತಿತ್ತು. ಅದು ಪದ್ದುವಿನ ಪಾತ್ರೆ. ಅದಕ್ಕೆ ಬೇರೆ ಸೌಟು, ಅದನ್ನು ತಿಕ್ಕಲು ಬೇರೆ ನಾರು. ಪದ್ದುವಿಗೆ ಐವತ್ತು ದಾಟಿತ್ತು. ಅಲೆಯ ಸದ್ದು ಅಂಗಳಕ್ಕೆ ಕೇಳುವ ಮನೆಯಲ್ಲಿ, ಮೀನು ಹಿಡಿಯುವವನ ಮಗಳಾಗಿ ಹುಟ್ಟಿಯೂ ಅವಳು ಈವರೆಗೆ ಒಂದು ತುಂಡು ಮೀನು ಬಾಯಿಗಿಟ್ಟವಳಲ್ಲ.

ಏಳು ವರ್ಷದ ಹಿಂದೆ ಆ ಸಣ್ಣ ಪಾತ್ರೆಗೆ ಪಾಲುದಾರಳೊಬ್ಬಳು ಬಂದಳು. ತಮ್ಮ ಜಿತೇಂದ್ರನ ಮಗಳು ಚಂದನಾ. ಅತ್ತೆಯ ಹಾಗೆಯೇ ಹಾಲಿನ ಮೈ, ಹೊಸ ಹಗ್ಗದ ಬಣ್ಣದ ಕೂದಲು, ಬೆಳಕು ಕಂಡರೆ ಕಿರಿದಾಗಿ ಅತ್ತಿತ್ತ ಅಲುಗುವ ಕಣ್ಣು. ಹೆರಿಗೆಯ ಆಸ್ಪತ್ರೆಯಲ್ಲಿ ಮಗುವನ್ನು ಕಂಡ ಅಜ್ಜಿ ನಾಗು ಯಾರ ಮುಖವನ್ನೂ ನೋಡದೆ ಮನೆಗೆ ಬಂದು ಸಣ್ಣ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಕವುಚಿಟ್ಟಿದ್ದಳು.

ಅಕ್ಟೋಬರಿನ ಒಂದು ಸಂಜೆ ಚಂದನಾ ಶಾಲೆಯಿಂದ ಬಂದವಳೇ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಪದ್ದುವಿನ ಬಳಿ ಕುಳಿತಳು.

"ಪದ್ದತ್ತೆ, ಬಂಗ್ಡಿ ಮೀನ್ ಹ್ಯಾಂಗಿರತ್ತ್?"

"ಹ್ಯಾಂಗಿರತ್ತ್ ಅಂದ್ರೆ?"

"ರುಚಿ."

ಪದ್ದು ಎಲೆ ಸುತ್ತುವ ಬೆರಳು ನಿಲ್ಲಿಸಲಿಲ್ಲ. "ಬಂಗ್ಡಿ ಕಾಯ್ಸುವಾಗ್ಳ್ ಮೊದ್ಲ್ ಮೆಣ್ಸಿನ್ ಘಾಟ್ ಬತ್ತ್. ಆಮೇಲೆ ಎಣ್ಣಿ ಸದ್ದ್ ಸಣ್ಣ ಆತ್ತ್. ಆಗ್ಳ್ ಒಂದ್ ಪರಿಮಳ ಬತ್ತಲ್ಲಾ, ಅದೇ ರುಚಿ."

"ನೀನ್ ತಿಂದಿದ್ಯಾ?"

"ಇಲ್ಲೆ."

"ಮತ್ತೆ ಹ್ಯಾಂಗ್ ಗೊತ್ತ್?"

"ಐವತ್ತ್ ವರ್ಷ ಮೂಸಿದ್ದೆ ಅಲ್ದಾ ಹೆಣೆ. ಅಷ್ಟೂ ಗೊತ್ತಾಪುದಿಲ್ಯಾ."

ಒಳಗೆ ಮೆಣಸು ಅರೆಯುತ್ತಿದ್ದ ಮಿಕ್ಸಿ ನಿಂತಿತು. ಚಂದನಾಳ ತಾಯಿ ಸೌಮ್ಯಶ್ರೀ ಕಿವಿಗೊಟ್ಟಳೆಂದು ಪದ್ದುವಿಗೆ ತಿಳಿಯಿತು. ಮತ್ತೆ ಮಿಕ್ಸಿ ಮೊದಲಿಗಿಂತ ಜೋರಾಗಿ ತಿರುಗಿತು.

ಮೀನಿನ ಮೇಲೆ ಹಾಲು ಕುಡಿದರೆ ಮೈ ಬೆಳ್ಳಗಾಗುತ್ತದೆ ಎಂಬುದು ಆ ಕೇರಿಯಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲದ ಮಾತು. ಪದ್ದುವನ್ನು ಹೊತ್ತಿದ್ದಾಗ ನಾಗು ತ್ರಾಸಿಯ ತವರಿನಲ್ಲಿ ಬೈಗೆ ಮೀನಿನ ಸಾರು ಉಂಡು ಒಂದು ಲೋಟ ಹಾಲು ಕುಡಿದಿದ್ದಳಂತೆ. ಅವಳ ಅತ್ತೆ ಅದನ್ನು ಕೆದಕಿ ತೆಗೆದು, ತಾನು ಸಾಯುವವರೆಗೂ ಆಡಿದಳು. ಹೊಟ್ಟೆಯಲ್ಲಿದ್ದಾಗ ಆದದ್ದು ಆಯಿತು, ಇನ್ನು ಮೀನು ತಾಗಿದರೆ ಮಗು ಉಳಿಯುವುದಿಲ್ಲ ಎಂದು ಆ ಸಣ್ಣ ಪಾತ್ರೆಯನ್ನು ಒಲೆಯ ಮೇಲಿಟ್ಟವಳೂ ಅವಳೇ. ಸೌಮ್ಯಳ ಪಾಲಿಗೆ ಬಂದದ್ದು ಐಸ್‌ಕ್ರೀಮು. ಕೋಟೇಶ್ವರದ ಒಂದು ಮದುವೆಯಲ್ಲಿ ಬಸುರಿ ಸೊಸೆ ಕಾಣೆ ಮೀನಿನ ಮೇಲೆ ಐಸ್‌ಕ್ರೀಮು ತಿಂದದ್ದನ್ನು ನಾಗು ತನ್ನ ಕಣ್ಣಾರೆ ಕಂಡಿದ್ದಳು.

ಪದ್ದುವಿಗೆ ಇದೆಲ್ಲ ಕಷ್ಟವೆಂದು ಒಂದು ಕಾಲದಲ್ಲಿ ಅನಿಸಿರಲೇ ಇಲ್ಲ. ಅಪ್ಪಯ್ಯ ಚಂದಯ್ಯ ಇದ್ದ ದಿನಗಳವು. ದೋಣಿಯಿಂದ ಬಂದವನು ಕಾಲು ತೊಳೆಯುವ ಮೊದಲೇ ಅವಳ ಅಂಗೈಯ ಮೇಲೆ ತಣ್ಣಗಿನದ್ದೊಂದನ್ನು ಇಟ್ಟು, "ಇದ್ ಯಾವ್ದ್ ಹೇಳ್ ಕಾಂಬ" ಎನ್ನುತ್ತಿದ್ದ. ಬಾಲ ತಡವಿ, ಹೊಟ್ಟೆಯ ಚೂಪು ತಡವಿ, ಅವಳು ಹೇಳುತ್ತಿದ್ದಳು. ನಂಗು. ಬೊಳೆಂಜಿರು. ಸರಿಯಾದರೆ ಅಪ್ಪಯ್ಯ ಕೇರಿಗೆಲ್ಲ ಕೇಳುವ ಹಾಗೆ ನಗುತ್ತಿದ್ದ. ರಾತ್ರಿ ಊಟಕ್ಕೆ ಕುಳಿತರೆ ಎರಡನೆಯ ಸಲದ ಅನ್ನಕ್ಕೆ ಅವನು ಮೀನು ಸಾರು ಬೇಡ ಎನ್ನುತ್ತಿದ್ದ. "ಪದ್ದು ಪಾತ್ರೆದ್ ಒಂದ್ ಸೌಟ್ ಹಾಕ್." ನಾಗು ಗೊಣಗುತ್ತಿದ್ದಳು: "ಸಮುದ್ರಕ್ ಹೋಪವ ಬಸಳೆ ತಿಂದ್ರೆ ತೋಳಿಗ್ ಬಲ ಎಲ್ಲಿಂದ ಬರ್ಕ್?" ಅಪ್ಪಯ್ಯ ಮಗಳ ಬಟ್ಟಲಿಗೆ ತನ್ನ ಬಟ್ಟಲು ತಾಗಿಸಿ ಉಣ್ಣುತ್ತಿದ್ದ.

ಹಗಲು ಪದ್ದುವಿನದಾಗಿರಲಿಲ್ಲ. ಹಲಗೆಯ ಮೇಲಿನ ಅಕ್ಷರ ಕಾಣದೆ ಮೂರನೆಯ ಕ್ಲಾಸಿಗೆ ಶಾಲೆ ಮುಗಿದಿತ್ತು. ಅವಳ ದಿನ ಶುರುವಾಗುತ್ತಿದ್ದದ್ದು ಸೂರ್ಯ ನೀರಿಗಿಳಿದ ಮೇಲೆ. ಆಗ ಕೇರಿಯ ಮಕ್ಕಳೆಲ್ಲ ಮರಳಿನಲ್ಲಿ ಅವಳಿಗಾಗಿ ಕಾಯುತ್ತಿದ್ದರು. ಕಣ್ಣುಮುಚ್ಚಾಲೆಯಲ್ಲಿ ಅವಳನ್ನು ಹಿಡಿಯುವುದು ಸುಲಭ, ಕತ್ತಲಲ್ಲೂ ಹೊಳೆಯುತ್ತಿದ್ದಳು. ಅದಕ್ಕೇ ಅವಳ ಅಕ್ಕಂದಿರು ತಮ್ಮ ಕಪ್ಪು ಲಂಗ ಹೊದಿಸಿ ಅಡಗಿಸುತ್ತಿದ್ದರು. ಆ ಅಕ್ಕಂದಿರೆಲ್ಲ ಮದುವೆಯಾಗಿ ಹೋದರು. ಅಪ್ಪಯ್ಯ ತೀರಿಕೊಂಡ. ಬಟ್ಟಲಿಗೆ ಬಟ್ಟಲು ತಾಗಿಸುವವರಿಲ್ಲದೆ ಪದ್ದು ಅಡುಗೆಮನೆಯ ಮೂಲೆಯಲ್ಲಿ ಉಣ್ಣುವುದನ್ನು ರೂಢಿ ಮಾಡಿಕೊಂಡಳು.

ಬ್ರಹ್ಮಾವರದಿಂದ ದಿವ್ಯಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದದ್ದು ಆ ವಾರವೇ. ಅವಳು ಕೆಲಸ ಮಾಡುವ ಸಂಸ್ಥೆಗೆ ಎಲ್ಲಿಂದಲೋ ಒಂದು ಅನುದಾನ ಬಂದಿತ್ತು. ಆಲ್ಬಿನಿಸಂ ಇರುವವರ ಹಕ್ಕು ಕಾಯಲಿಕ್ಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲ್ಲೂಕಿಗೆ. ಚಂದನಾಳಿಗೆ ಅಗಲ ಅಂಚಿನ ಟೊಪ್ಪಿ, ಮೈಗೆ ಹಚ್ಚುವ ಕ್ರೀಮು ತಂದಿದ್ದಳು.

"ಹಕ್ಕ್ ಅಂದ್ರೆ ಜಾಗದ್ದಾ?" ನಾಗು ಕೇಳಿದಳು. ಎಪ್ಪತ್ತೈದಾದರೂ ಅವಳ ದನಿಯಲ್ಲಿ ಮೀನು ಪೇಟೆಯ ಏರು ಇಳಿದಿರಲಿಲ್ಲ. "ನಮ್ದ್ ಇಪ್ಪುದೇ ಹತ್ತ್ ಸೆಂಟ್ಸ್."

"ಜಾಗದ್ದಲ್ಲ ಅಮ್ಮ," ದಿವ್ಯಾ ನಕ್ಕಳು. "ಶಾಲೆಗ್ ಹೋಪುದ್, ಕೆಲಸ ಮಾಡುದ್, ನಾಲ್ಕ್ ಜನರೊಟ್ಟಿಗೆ ಕೂತ್ ಉಂಬುದ್. ಅದೇ ಹಕ್ಕ್. ಇದ್ ಸೀಕ್ ಅಲ್ಲ ಅಮ್ಮ. ಚರ್ಮಕ್ಕೆ ಬಣ್ಣ ಬಪ್ಪುದ್ ಹುಟ್ಟಿಂದ್ಲೇ ಕಡಿಮಿ, ಅಷ್ಟೇ. ಅಪ್ಪನ್ ಬದಿಂದ್ಲೂ ಅಬ್ಬಿ ಬದಿಂದ್ಲೂ ಎರಡೂ ಸೇರಿದ್ರೆ ಬತ್ತ್. ತಿಂದದ್ದಕ್ಕೂ ಕುಡ್ದದ್ದಕ್ಕೂ ಸಂಬಂಧ ಇಲ್ಲೆ. ಬಿಸ್ಲಿಂದ ಜಾಗ್ರತಿ ಮಾಡಿರೆ ಸಾಕ್."

"ಚಾ ಆರಿ ಹೋತ್ತ್. ಕುಡೀನಿ," ಎಂದಳು ನಾಗು.

ಹೊರಡುವಾಗ ದಿವ್ಯಾ ಪದ್ದುವಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಳು. ಅನುದಾನ ಕೊಟ್ಟವರದು ಒಂದು ಷರತ್ತಿದೆ. ಯಾವುದಕ್ಕೆ ಖರ್ಚು ಮಾಡಬೇಕೆಂದು ಹೇಳಬೇಕಾದವರು ಓದಿದವರಲ್ಲ, ನಿಮ್ಮಂಥವರೇ. ಮುಂದಿನ ತಿಂಗಳು ಬ್ರಹ್ಮಾವರದಲ್ಲಿ ಸಭೆ, ಬರಬೇಕು ಎಂದಳು. ಪದ್ದು ನಗುತ್ತ ಬೀಡಿಯ ತುದಿ ಮಡಚಿದಳು. ತನ್ನನ್ನು ಯಾರೂ ಯಾವುದಕ್ಕೂ ಹೀಗೆ ಕರೆದ ನೆನಪು ಅವಳಿಗಿರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಸೌಮ್ಯ ಶುರುಮಾಡಿದಳು. "ಕೇಂಡ್ರ್ಯಾ ಅತ್ತೆ, ತಿಂಬುದಕ್ಕೂ ಇದಕ್ಕೂ ಸಂಬಂಧ ಇಲ್ಯಂಬ್ರ್."

"ಅವ್ಳಿಗ್ ಮದಿ ಆಯ್ದಾ? ಮಕ್ಕಳಿದ್ವಾ?"

"ಮದಿ ಆದ್ರೆ ಮಾತ್ರ ಗೊತ್ತಾಪುದಾ?"

"ಹೆತ್ತವ್ಳಿಗ್ ಗೊತ್ತಾತ್ತ್. ನೀ ಐಸ್‌ಕ್ರೀಮ್ ತಿಂದದ್ದ್ ನಾನ್ ಕಂಡಿದ್ದೆ."

"ಆ ಮದಿಯಂಗೆ ಇನ್ನೂರ್ ಜನ ತಿಂದಿರ್."

"ಊಟದ್ ಹೊತ್ತಿಗ್ ಬ್ಯಾಡ," ಎಂದ ಜಿತೇಂದ್ರ. ಗಂಗೊಳ್ಳಿಯ ಬೋಟಿನಲ್ಲಿ ಎರಡು ದಿನ ಕಳೆದು ಬಂದಿದ್ದ ಅವನಿಗೆ ನಿದ್ದೆ ಬೇಕಿತ್ತು. ಚಂದನಾ ತನ್ನ ಸೌತೆ ಹುಳಿಯಲ್ಲಿ ಬೆರಳಾಡಿಸುತ್ತ ಅಪ್ಪನ ಬಟ್ಟಲನ್ನು ನೋಡುತ್ತಿದ್ದಳು. ಅಷ್ಟು ದೂರಕ್ಕೆ ಪದ್ದುವಿಗೆ ಮಗುವಿನ ಮುಖ ಕಾಣದು. ಆದರೆ ಬಟ್ಟಲಿನ ಮೇಲೆ ಬೆರಳು ಸುಮ್ಮನೆ ಸುತ್ತುವ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಭಾನುವಾರ ನಾಗು ನೆಂಟರ ಮನೆಗೆ ಹೋದ ಹೊತ್ತು ನೋಡಿ ಸೌಮ್ಯ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಮಗಳಿಗೆ ಒಂದು ತುಂಡು ಬಂಗುಡೆ ತಿನ್ನಿಸಿದಳು. ಕೈಗೆ ಸೋಪು ಹಾಕಿ ಎರಡು ಸಲ ತೊಳೆಸಿದಳು. ಪದ್ದುವಿಗೆ ವಾಸನೆ ಬಂತು. ಅವಳು ಮುಂದಿನ ಬೀಡಿಗೆ ಎಲೆ ತೆಗೆದುಕೊಂಡಳು.

ಮರುದಿನ ಶಾಲೆಯಲ್ಲಿ ಕ್ರೀಡಾಕೂಟದ ತಯಾರಿ. ಸಾಲಿನಲ್ಲಿ ಎಲ್ಲರೂ ಒಂದೇ ರೀತಿ ಕಾಣಬೇಕೆಂದು ಟೊಪ್ಪಿ ತೆಗೆಸಿದ್ದರು. ಮಗು ಮನೆಗೆ ಬಂದಾಗ ಕೆನ್ನೆ, ಕುತ್ತಿಗೆ ಕೆಂಡದ ಬಣ್ಣವಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ನಾಗು ಲೋಳೆಸರ ಸೀಳಿ ಹಚ್ಚುತ್ತ, "ಎಂತ ತಿಂದೆ ಮಗಾ, ಅಜ್ಜಿ ಹತ್ರ ಹೇಳ್" ಎಂದು ಕೇಳಿದಳು. ಉರಿಯಲ್ಲಿ ಅಳುತ್ತಿದ್ದ ಮಗು ಹೇಳಿಬಿಟ್ಟಿತು.

"ಕಂಡ್ಯಾ," ನಾಗು ಎದ್ದು ನಿಂತಳು. "ಒಂದೇ ದಿನಕ್ಕೆ. ಕಣ್ಣೆದುರಿಗೇ."

"ಅದ್ ಬಿಸ್ಲ್ ಅತ್ತೆ. ಮಧ್ಯಾಹ್ನ ಪೂರ್ತಿ ನಿಲ್ಸಿರ್."

"ಬೇರೆ ಮಕ್ಕಳೂ ನಿಂತಿದ್ವಲ್ಲ, ಅವ್ಕ್ ಗುಳ್ಳಿ ಬಂತಾ? ನಾನ್ ಒಬ್ಳನ್ನ ಹೀಂಗೇ ಕಾಪಾಡಿದ್ದೆ. ಐವತ್ತ್ ವರ್ಷ ಒಂದ್ ಗುಳ್ಳಿ ಬಪ್ಪುಕ್ ಬಿಡ್ಲಿಲ್ಲೆ."

"ಮನಿಯಿಂದ ಹೊರ್ಗ್ ಬಿಟ್ಟಿದ್ರೆ ಅಲ್ದಾ ಬಪ್ಪುದ್?" ಸೌಮ್ಯ ಮಗಳನ್ನು ತನ್ನತ್ತ ಎಳೆದುಕೊಂಡಳು. "ನಿಮ್ ಮಗಳಿಗ್ ಮಾಡಿದ್ದ್ ನನ್ ಮಗಳಿಗ್ ಮಾಡುಕ್ ನಾ ಬಿಡುದಿಲ್ಲೆ."

ಆಡಿದ ಮೇಲೆ ಅವಳೇ ಬಾಯಿಗೆ ಸೆರಗು ಹಿಡಿದಳು. ಮೂಲೆಯಲ್ಲಿ ಪದ್ದು ತಂಬಾಕಿನ ಮೊರದ ಮೇಲೆ ಕೈಯಿಟ್ಟು ಕುಳಿತಿದ್ದಳು.

"ನಾನ್ ತ್ರಾಸಿಗ್ ಹೋತೆ," ಎಂದಳು ಸೌಮ್ಯ, ಮಗಳ ಬಟ್ಟೆಯನ್ನು ಚೀಲಕ್ಕೆ ತುಂಬುತ್ತ.

"ಹೋಗ್. ಅದ್ ನಂಗೂ ತವರೇ," ಎಂದಳು ನಾಗು. ಸೌಮ್ಯ ಅವಳ ಸ್ವಂತ ಅಣ್ಣನ ಮಗಳು.

ಮನೆಯಲ್ಲಿ ಮಗುವಿನ ಓಡಾಟ ನಿಂತಿತು. ಹಾಗೆಂದು ನಾಗು ಸಣ್ಣ ಪಾತ್ರೆಗೆ ತರಕಾರಿ ಹೆಚ್ಚುವುದನ್ನು ಕಡಿಮೆ ಮಾಡಲಿಲ್ಲ. ಇಬ್ಬರಿಗಾಗುವಷ್ಟು ಮಾಡಿ, ಉಳಿದದ್ದನ್ನು ಸಂಜೆ ದನಕ್ಕೆ ಹಾಕುತ್ತಿದ್ದಳು. ಜಿತೇಂದ್ರ ಬೋಟಿನಿಂದ ಬಂದವನು ಮನೆಯಲ್ಲಿ ಉಂಡು, ತ್ರಾಸಿಯಲ್ಲಿ ಮಲಗಿ, ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಪದ್ದು ಅವನಿಗೆ ಹೇಳಿದಳು: "ಹ್ವಾಯ್, ನನ್ನ ಬ್ರಹ್ಮಾವರದ್ ಬಸ್ಸಿಗ್ ಹತ್ಸ್."

"ನೀನಾ? ಒಬ್ಳೇ?"

"ಕಂಡಕ್ಟರ್‌ಗ್ ಕಣ್ಣ್ ಇರತ್ತಲ್ಲ."

ಸೀರೆಯ ಸೆರಗು ತಲೆತುಂಬ ಹೊದ್ದು, ಕೊಡೆ ಹಿಡಿದು ಅವಳು ಹೋದಳು. ಸಂಸ್ಥೆಯ ಕೋಣೆಯಲ್ಲಿ ಏಳೆಂಟು ಜನ. ಬಾಗಿಲು ದಾಟಿ ಹತ್ತಿರ ಹೋಗುತ್ತಿದ್ದ ಹಾಗೆ ಪದ್ದು ನಿಂತುಬಿಟ್ಟಳು. ಕೋಣೆಯ ತುಂಬ ತನ್ನಂತೆಯೇ ತಿಳಿ ಬಣ್ಣದ ಕೂದಲಿನ ತಲೆಗಳು. ಚಂದನಾ ಹುಟ್ಟುವವರೆಗೆ ತನ್ನ ಹಾಗಿನವರು ಲೋಕದಲ್ಲಿ ಇನ್ನೊಬ್ಬರಿದ್ದಾರೆಂದು ಅವಳು ತಿಳಿದಿರಲಿಲ್ಲ.

ಒಬ್ಬರು ಟೊಪ್ಪಿ ಬೇಕೆಂದರು. ಒಬ್ಬರು ಕನ್ನಡಕ, ಇನ್ನೊಬ್ಬರು ಶಾಲೆಯ ಮೇಷ್ಟ್ರುಗಳಿಗೆ ತಿಳಿಸಿ ಹೇಳಬೇಕೆಂದರು. ದಿವ್ಯಾ ಪದ್ದುವಿನ ಕಡೆ ತಿರುಗಿದಳು.

"ನಂಗ್ ಹಕ್ಕ್ ಅಂಬುದೆಲ್ಲ ಸಮಾ ಗೊತ್ತಿಲ್ಲೆ," ಎಂದಳು ಪದ್ದು. "ನಮ್ಮನಿಯಂಗೆ ಎರಡ್ ಪಾತ್ರೆ. ನಂಗೂ ನನ್ ತಮ್ಮನ್ ಮಗಳಿಗೂ ಮೀನ್ ಕೊಡುದಿಲ್ಲೆ."

ಶಿರೂರಿನ ರತನ್ ಎಂಬ ಹುಡುಗ, ಮೊಬೈಲ್ ಅಂಗಡಿಯಲ್ಲಿ ಕೆಲಸದವನು, ನಗತೊಡಗಿದ. "ನಂಗೂ ಕೊಡ್ತಿರ್ಲಿಲ್ಲೆ ಅಕ್ಕ. ಕುಂದಾಪ್ರದ್ ಹೋಟ್ಲಗೆ ಕದ್ದ್ ತಿಂದೆ. ಮೂರ್ ದಿನ ಕನ್ನಡಿ ಕಂಡೆ. ಇನ್ನೂ ಬೆಳಿ ಆಪುಕ್ ಜಾಗವೇ ಇರ್ಲಿಲ್ಲೆ."

ಎಲ್ಲರೂ ನಕ್ಕರು. ಪದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಅವಳೇ ಮುಂದುವರಿಸಿದಳು. "ಟೊಪ್ಪಿ ಕೊಟ್ಟ್ರಿ. ಒಳ್ಳೇದ್. ಆದ್ರೆ ಒಲಿ ಹತ್ರ ಬಂದ್ ಹೇಳುವವ್ರ್ ಬೇಕ್. ಓದಿದ ಹೆಣ್ಣ್‌ಮಕ್ಕಳ್ ಹೇಳಿರೆ ನನ್ ಅಬ್ಬಿ ಚಾ ಕೊಟ್ಟ್ ಕಳ್ಸತ್ಲ್. ಮೀನ್ ಕೊಡ್ದೇ ಮಗನ್ನೋ ಮಗಳನ್ನೋ ಸಾಕಿದ ಅಬ್ಬಿಯೇ ಬರ್ಕ್. ಅವ್ರಿಗ್ ಬಸ್ಸಿನ್ ದುಡ್ಡ್, ಆ ದಿನದ್ ಕೂಲಿ, ನಿಮ್ ಅನುದಾನದಗೆ ಕೊಡಿ. ಮನಿಮನಿಗ್ ಹೋಯ್ಲಿ." ಮತ್ತೆ ಸೇರಿಸಿದಳು: "ನನ್ ಅಬ್ಬಿನ ಯಾರೂ ಬೈಬಾರ್ದ್. ಅವ್ಳ್ ಮಾಡಿದ್ದ್ ಪ್ರೀತಿಂದ್ಲೇ."

"ನಮ್ಮಮ್ಮ ಬತ್ರ್," ಎಂದ ರತನ್.

ಬಸ್ಸಿಳಿದು ಬರುವಾಗ ಪದ್ದು ಹೇಳಿದ ಸುದ್ದಿ ಜಿತೇಂದ್ರನ ಬಾಯಿಂದ ಮನೆಗೆ ಬಂತು. ನಾಗು ಮಗಳ ಮುಂದೆ ಬಟ್ಟಲು ಇಡುವಾಗ ತುಸು ಸದ್ದು ಮಾಡಿದಳು. "ಮನಿ ಒಲಿ ಮಾತ್ ಬ್ರಹ್ಮಾವರದಗೆ ಹರಡಿ ಬಂದ್ಯಾ? ನಾನ್ ನಿಂಗ್ ವಿಷ ಹಾಕಿದ್ನಾ?"

"ಇಲ್ಲೆ ಅಬ್ಬಿ."

"ನಿನ್ ಹೊಟ್ಟಿಗ್ ಎಂತ ಕಡಿಮಿ ಮಾಡಿದ್ದೆ?"

"ಎಂತದೂ ಇಲ್ಲೆ. ನಂಗ್ ಆಯ್ತ್. ಹೆಣ್ಣಿಗ್ ಬ್ಯಾಡ."

ಆಮೇಲೆ ಕೆಲವು ದಿನ ನಾಗು ಮಗಳೊಡನೆ ಮಾತಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು. "ಬಿಸಿನೀರ್ ಕಾದಿತ್, ಮೀಯುವವ್ರ್ ಮೀಯ್ಲಿ." ಬೆಕ್ಕು ಮೀಯಲಿಲ್ಲ, ಪದ್ದು ಮಿಂದು ಬಂದಳು.

ರತನನ ತಾಯಿ ಬಂದದ್ದು ನವೆಂಬರಿನ ಕೊನೆಯಲ್ಲಿ. ಅರವತ್ತರ ಗಟ್ಟಿ ಹೆಂಗಸು, ಕೈಯಲ್ಲಿ ಎಲೆಯಡಿಕೆಯ ಚೀಲ. ಜಗಲಿಯಲ್ಲಿ ಕುಳಿತವಳು ಮೊದಲು ಕೇಳಿದ್ದು ಗಂಗೊಳ್ಳಿಯಲ್ಲಿ ಈಗ ಬೈಗೆ ಬೀಳುತ್ತಿದೆಯೇ ಎಂದು. ನಾಗು ಹೇಳಿದಳು. ಇಬ್ಬರೂ ಐಸ್ ಹಾಕಿದ ಮೀನನ್ನು ಬೈದರು. ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದ ಕಾಲ ನೆನೆದರು, ಮೀನಿಗೆ ಬದಲಾಗಿ ಅಕ್ಕಿ ಅಳೆದು ಕೊಡುತ್ತಿದ್ದ ಘಟ್ಟದ ಬುಡದ ಮನೆಗಳನ್ನು ನೆನೆದರು. ಎಲೆಗೆ ಸುಣ್ಣ ಹಚ್ಚುತ್ತ ಶಿರೂರಿನವಳು, "ನಾನೂ ನನ್ ಮಗನಿಗ್ ಕೊಡ್ಲಿಲ್ಲೆ ಅಕ್ಕ. ಇಪ್ಪತ್ತ್ ವರ್ಷ," ಎಂದಳು.

ನಾಗು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. "ನಿಂಗ್ ಯಾರ್ ಹೇಳಿರ್, ಕೊಡುಕಾಗ ಅಂದೇಳಿ?"

"ನನ್ ಅತ್ತೆ."

"ನಂಗೂ ಅತ್ತೆಯೇ."

ಇಬ್ಬರೂ ಒಂದು ಕ್ಷಣ ನಕ್ಕರು. ನಾಗುವೇ ಮೊದಲು ನಗು ನಿಲ್ಲಿಸಿದ್ದು.

"ಅವ ತಿಂದ್ ಎಂತ ಆಯ್ತ್?"

"ಎಂತದೂ ಆಯ್ಲಿಲ್ಲೆ. ಈಗ್ಳ್ ವಾರಕ್ ನಾಲ್ಕ್ ದಿನ ತಿಂತ. ಬಿಸ್ಲಿಗ್ ಹೋರೆ ಮಾತ್ರ ಗುಳ್ಳಿ ಏಳತ್ತ್, ತಿಂದ್ರೂ ಏಳತ್ತ್, ತಿನ್ನದಿದ್ರೂ ಏಳತ್ತ್."

"ಹಂಗಾರೆ ನಾನ್ ಅವತ್ತೇ ಕೊಟ್ಟಿದ್ರೂ..."

"ಎಂತ ಆತಿರ್ಲಿಲ್ಲೆ ಅಕ್ಕ."

ನಾಗು ಎದ್ದು ಒಳಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ಪದ್ದು ಗೋಡೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದಳು. ಒಲೆಯ ಮುಂದೆ ತಾಯಿಯ ಆಕಾರ ಕುಳಿತಿತ್ತು.

"ನಿನ್ ಅಪ್ಪಯ್ಯ ಒಂದ್ಸಲ ಕೇಂಡಿರ್," ಎಂದಳು ನಾಗು ತಿರುಗದೆ. "ಒಂದ್ ಚೂರ್ ಕೊಟ್ಟ್ ಕಾಂಬ್ನಾ ಅಂದೇಳಿ. ನಾನ್ ಅವ್ರಿಗ್ ಸೌಟ್ ಬೀಸಿದೆ."

"ಬಿದ್ದಿತಾ?"

"ತಪ್ಸ್ಕಂಡ್ರ್."

ಪದ್ದುವಿಗೆ ಅಪ್ಪಯ್ಯ ಬಾಗಿದ್ದು ಕಂಡಂತಾಗಿ ನಗು ಬಂತು. ತಾಯಿಯ ಬೆನ್ನು ಅಲುಗುತ್ತಿತ್ತು. ನಗುವೋ ಅಳುವೋ ಅವಳಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕುಳಿತು ಬೆನ್ನಿನ ಮೇಲೆ ಕೈಯಿಟ್ಟಳು. ಅಳುವಾಗಿತ್ತು.

ಹೊರಡುವಾಗ ಶಿರೂರಿನವಳು ಕೇಳಿದಳು: "ಬೈಂದೂರ್ ಬದಿಯಂಗೆ ಇಂಥದ್ದೇ ಒಂದ್ ಸಣ್ ಶಿಶು ಇತ್ತಂಬ್ರ್. ಮುಂದಿನ್ ವಾರ ಹೋಯ್ಕ್. ಬತ್ರ್ಯಾ ಅಕ್ಕ ನನ್ನೊಟ್ಟಿಗೆ?"

"ಮೊದ್ಲ್ ನನ್ ಮನಿದ್ ಆಯ್ಲಿ," ಎಂದಳು ನಾಗು.

ಅವಳೇ ತ್ರಾಸಿಗೆ ಫೋನು ಮಾಡಿಸಿದಳು. ಸೊಸೆಯ ಬಳಿ ಬೇರೇನೂ ಹೇಳಲಿಲ್ಲ. "ಹೆಣ್ಣನ್ನ ಕರ್ಕಂಡ್ ಬಾ. ಮೀನ್ ತಂದಿದ್ದೆ," ಎಂದಷ್ಟೇ.

ಆ ಮಧ್ಯಾಹ್ನ ಒಲೆಯ ಮೇಲೆ ಒಂದೇ ಪಾತ್ರೆ ಕುದಿಯಿತು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕುಳಿತರು. ನಾಗು ಮೊದಲು ಚಂದನಾಳಿಗೆ ಬಡಿಸಿದಳು. ಮಗು ತಲೆಯೆತ್ತದೆ ತಿನ್ನತೊಡಗಿತು. ಜಿತೇಂದ್ರನಿಗೆ ಹಾಕಿದಳು, ಸೌಮ್ಯಳಿಗೆ ಎರಡು ತುಂಡು ಹಾಕಿದಳು. ಪದ್ದುವಿನ ಮುಂದೆ ಬಂದಾಗ ಸೌಟು ಹಿಡಿದ ಕೈ ನಿಂತಿತು.

"ಹಾಕ್ಲಾ?"

"ಹಾಕ್."

ಬಿಸಿ ಸಾರು ಅನ್ನದ ಮೇಲೆ ಹರಿದ ಸದ್ದು. ಪದ್ದು ತುಂಡನ್ನು ಬೆರಳಲ್ಲಿ ಮುಟ್ಟಿ, ಒತ್ತಿ, ಅಲ್ಲೇ ಬಿಟ್ಟಳು. ಮತ್ತೆ ಮುಟ್ಟಿದಳು. ಕೈಗೆ ಮುಳ್ಳು ಚುಚ್ಚಿತು. ಬೇಯದ ಮೀನು ಅಂಗೈಗೆ ಗೊತ್ತಿತ್ತು. ಬೆಂದದ್ದನ್ನು ಬಿಡಿಸುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ನಾಗು ಸೌಟು ಕೆಳಗಿಟ್ಟು, ಮಂಡಿಯ ಮೇಲೆ ಕೈಯೂರಿ, ಮಗಳ ಎದುರು ಕುಳಿತಳು. ತುಂಡನ್ನು ತನ್ನ ಕಡೆಗೆ ಎಳೆದುಕೊಂಡು ಬೆನ್ನುಮುಳ್ಳು ಬಿಡಿಸಿದಳು, ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಉಗುರಿನಿಂದ ತೆಗೆದು ಬಟ್ಟಲಿನ ಅಂಚಿಗಿಟ್ಟಳು. ಹಲ್ಲು ಬಾರದ ಮಗುವಿಗೆ ಮಾಡುವ ಹಾಗೆ ಬೆರಳಲ್ಲಿ ಒತ್ತಿ ನೋಡಿ, ಅನ್ನದೊಡನೆ ಕಲಸಿ, ಮಗಳ ಕೈಗೆ ತುತ್ತು ಇಟ್ಟಳು.

ಪದ್ದು ಅಗಿದಳು. ಎಲ್ಲರ ಬಟ್ಟಲುಗಳೂ ಸದ್ದು ನಿಲ್ಲಿಸಿದ್ದವು. ಅವಳು ನಿಧಾನವಾಗಿ ನುಂಗಿ, ಇನ್ನೇನಾದರೂ ಬರುವುದಿದೆಯೇ ಎಂಬಂತೆ ಸ್ವಲ್ಪ ಕಾದಳು.

"ಇಷ್ಟೇಯಾ ಅಬ್ಬಿ?"

ಸೌಮ್ಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜಿತೇಂದ್ರ ಕೆಮ್ಮಿದ.

"ಇದ್ ಕೊಡ್ಡಾಯಿ ಮಾರಾಯ್ತಿ, ಸಪ್ಪಿ ಮೀನ್. ಇವತ್ತ್ ಬೇರೆ ಸಿಕ್ಲಿಲ್ಲೆ," ಎಂದಳು ನಾಗು. "ನಾಳಿಗ್ ಕಾಣೆ ತತ್ತೆ. ನಾಡಿದ್ದ್ ಬಂಗ್ಡಿ ಕಾಯ್ಸ್ತೆ. ಆಮೇಲೆ ಹೇಳ್."

"ಆಯ್ತ್. ಆಮೇಲೆ ಹೇಳ್ತೆ," ಎಂದು ಪದ್ದು ಬಟ್ಟಲನ್ನು ತಾಯಿಯ ಕಡೆಗೆ ಸ್ವಲ್ಪ ಸರಿಸಿದಳು. ನಾಗು ಕಣ್ಣು ತೋಳಿಗೆ ಒರೆಸಿಕೊಂಡು ಇನ್ನೊಂದು ತುಂಡಿನ ಮುಳ್ಳು ಹುಡುಕತೊಡಗಿದಳು.